ಲುಬ್ಧಕನ ತನಕ ಎಷ್ಟು ದೂರ? ಕೊಳವೆಯ ತೂತಿನಲ್ಲಿ ಹೈಗೆನ್ಸ್ ಕಂಡ ಉತ್ತರ

ಜನವರಿಯ ರಾತ್ರಿ ಒಂಬತ್ತರ ಹೊತ್ತಿಗೆ ಮಹಡಿಗೆ ಹೋಗಿ ಆಗ್ನೇಯ ದಿಕ್ಕಿಗೆ ನೋಡಿ. ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಆ ಸಾಲನ್ನೇ ಹಿಡಿದು ಕೆಳಕ್ಕೆ ಬಂದರೆ ಲುಬ್ಧಕ (ಸಿರಿಯಸ್) ಸಿಗುತ್ತದೆ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಜಾಸ್ತಿ ಹೊಳೆಯುವುದು ಇದೇ. ಪೇಟೆಯ ಬೀದಿದೀಪಗಳ ನಡುವೆಯೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಯಾರಿಗೆ ತೋರಿಸಿದರೂ ಮೊದಲು ಬರುವ ಪ್ರಶ್ನೆ ಒಂದೇ: "ಅಲ್ಲಿಗೆ ಎಷ್ಟು ದೂರ?"

ಅದಕ್ಕೆ ಉತ್ತರ ಹೇಳುವುದು ಸುಲಭ. 8.6 ಜ್ಯೋತಿರ್ವರ್ಷ, ಅಂದರೆ ಬೆಳಕು 8.6 ವರ್ಷದಲ್ಲಿ ಸಾಗುವಷ್ಟು ದೂರ. ಕಷ್ಟ ಇರುವುದು ಅದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆಯಲ್ಲಿ: "ಅದು ಹೇಗೆ ಗೊತ್ತಾಯ್ತು?" ಅಲ್ಲಿಗೆ ಯಾರೂ ಹೋಗಿಲ್ಲ, ಟೇಪು ಹಿಡಿದು ಅಳೆದಿಲ್ಲ. ಅಲ್ಲಿಂದ ನಮಗೆ ಬರುತ್ತಿರುವುದು ಬೆಳಕು ಮಾತ್ರ. ಆ ಬೆಳಕಿನಲ್ಲೇ ದೂರವನ್ನು ಓದಬೇಕು.

ಇದನ್ನು ವಿವರಿಸುವಾಗ ನನಗೆ ನೆನಪಾಗುವವನು ಕ್ರಿಸ್ಟಿಯಾನ್ ಹೈಗೆನ್ಸ್. ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಈ ಹೆಸರು ಗೊತ್ತು. ಬೆಳಕಿನ ಅಲೆಗಳ ಪಾಠದಲ್ಲಿ "ಹೈಗೆನ್ಸ್ ತತ್ವ" ಅಂತ ಬರುತ್ತದೆ. ಪರೀಕ್ಷೆಗೆ ಚಿತ್ರ ಬರೆದು, ಅಂಕ ತಗೊಂಡು, ಮರೆತುಬಿಡುತ್ತೇವೆ. ಅದೇ ಮನುಷ್ಯ ಸುಮಾರು ಮುನ್ನೂರ ಮೂವತ್ತು ವರ್ಷಗಳ ಹಿಂದೆ ಹನ್ನೆರಡು ಅಡಿಯ ಒಂದು ಕೊಳವೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಒಂದು ತೂತು, ಒಂದು ಗಾಜಿನ ಮಣಿ, ಇಷ್ಟನ್ನೇ ಇಟ್ಟುಕೊಂಡು ಲುಬ್ಧಕನ ದೂರ ಲೆಕ್ಕ ಹಾಕಿದ. ಅವನಿಗೆ ಸಿಕ್ಕಿದ್ದು ನಿಜವಾದ ದೂರದ ಇಪ್ಪತ್ತನೇ ಒಂದು ಭಾಗ. ಅಂದರೆ ಲೆಕ್ಕ ತಪ್ಪಿತ್ತು. ಆದರೆ ಆ ತಪ್ಪು ಎಲ್ಲೆಲ್ಲಿ ನುಸುಳಿತು ಎಂದು ಇವತ್ತು ನಾವು ಬೆರಳಿಟ್ಟು ತೋರಿಸಬಹುದು. ನಕ್ಷತ್ರಗಳ ದೂರ ಅಳೆಯುವ ಇಡೀ ವಿದ್ಯೆಯನ್ನು ಈ ಒಂದು ತಪ್ಪು ಲೆಕ್ಕದಿಂದಲೇ ಕಲಿಯಬಹುದು. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಪ್ರೀತಿ.

ಹೈಗೆನ್ಸ್ ಹುಟ್ಟಿದ್ದು 1629ರಲ್ಲಿ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. ಅಪ್ಪ ಕವಿ, ರಾಜತಾಂತ್ರಿಕ. ಮನೆಯಲ್ಲಿ ದುಡ್ಡಿಗೂ ಓದಿಗೂ ಕೊರತೆ ಇರಲಿಲ್ಲ. ಅಣ್ಣ ಕಾನ್‌ಸ್ಟಂಟೈನ್ ಜೊತೆ ಕೂತು ತಾನೇ ಮಸೂರಗಳನ್ನು ಉಜ್ಜಿ ದೂರದರ್ಶಕ ಕಟ್ಟುತ್ತಿದ್ದ. ಅಂಥದ್ದೇ ಒಂದರಲ್ಲಿ 1655ರಲ್ಲಿ ಶನಿಯ ಚಂದ್ರ ಟೈಟಾನ್ ಅವನ ಕಣ್ಣಿಗೆ ಬಿತ್ತು. ಶನಿಯ ಅಕ್ಕಪಕ್ಕ ಕಿವಿಯಂತೆ ಕಾಣುತ್ತಿದ್ದದ್ದು ಬಳೆ ಎಂದು 1659ರಲ್ಲಿ ತಿಳಿಸಿದವನೂ ಅವನೇ. ಲೋಲಕದ ಗಡಿಯಾರವೂ ಅವನದೇ. ನಕ್ಷತ್ರಗಳ ಲೆಕ್ಕ ಬರುವುದು ಅವನು ಕೊನೆಗಾಲದಲ್ಲಿ ಬರೆದ "ಕಾಸ್ಮೋಥಿಯೋರೋಸ್" ಎಂಬ ಲ್ಯಾಟಿನ್ ಪುಸ್ತಕದಲ್ಲಿ. ಪುಸ್ತಕವನ್ನು ಅವನು ಬರೆದಿರುವುದು ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಹಾಗೆ. 1695ರಲ್ಲಿ ಹೈಗೆನ್ಸ್ ತೀರಿಕೊಂಡ. ಪುಸ್ತಕ ಹೊರಬಂದಿದ್ದು 1698ರಲ್ಲಿ. ಅಷ್ಟರಲ್ಲಿ ಅಣ್ಣನೂ ಇರಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ.

ಅದರ ಬುಡದಲ್ಲಿ ಒಂದು ನಂಬಿಕೆ ಇದೆ: ನಕ್ಷತ್ರ ಅಂದರೆ ದೂರದಲ್ಲಿರುವ ಸೂರ್ಯ. ಇವತ್ತು ಇದು ನಾಲ್ಕನೇ ತರಗತಿಯ ಪಾಠ. ಆಗ ಹಾಗಿರಲಿಲ್ಲ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್‌ನಂಥವನೇ ಸೂರ್ಯನಿಗೆ ಸಮನಾದದ್ದು ಇನ್ನೊಂದಿಲ್ಲ, ನಕ್ಷತ್ರಗಳೆಲ್ಲ ಅವನಿಗಿಂತ ಕಿರಿಯವು ಎಂದು ತಿಳಿದಿದ್ದ. ಹೈಗೆನ್ಸ್ ಅವನ ಹೆಸರು ಹಿಡಿದೇ ಅದನ್ನು ಒಪ್ಪುವುದಿಲ್ಲ. ನಮ್ಮ ಸೂರ್ಯನನ್ನು ಎತ್ತಿಕೊಂಡು ಹೋಗಿ ನಕ್ಷತ್ರಗಳ ದೂರದಲ್ಲಿ ಇಟ್ಟರೆ ಅವನೂ ಒಂದು ಚುಕ್ಕಿಯೇ ಆಗುತ್ತಾನೆ ಅನ್ನುವುದು ಅವನ ವಾದ.

ಈ ವಾದಕ್ಕೆ ಒಂದು ಅಡ್ಡಿ ಇತ್ತು. ಬರಿಗಣ್ಣಿಗೆ ನಕ್ಷತ್ರಗಳು ಪೂರ್ತಿ ಚುಕ್ಕಿಯಂತೆ ಕಾಣುವುದಿಲ್ಲ. ಸುತ್ತ ಕಿರಣಗಳು ಚಾಚಿಕೊಂಡು, ಒಂದಿಷ್ಟು ಅಗಲ ಇದ್ದಂತೆ ಕಾಣುತ್ತವೆ. ಹೈಗೆನ್ಸ್‌ಗಿಂತ ನೂರು ವರ್ಷ ಹಿಂದಿನ ಖಗೋಳಜ್ಞ ಟೈಕೋ ಬ್ರಾಹೆ ಆ ಅಗಲವನ್ನು ಅಳೆದೂ ಇದ್ದ. ದೊಡ್ಡ ನಕ್ಷತ್ರಗಳಿಗೆ ಎರಡು ಕಲೆಯಷ್ಟು (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಗಲ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಹದಿನೈದನೇ ಒಂದು ಭಾಗ ಎಂದಿದ್ದ. ಅಷ್ಟು ಅಗಲ ಕಾಣುವ ವಸ್ತು ನಿಜಕ್ಕೂ ಬಹಳ ದೂರದಲ್ಲಿದ್ದರೆ ಅದರ ಗಾತ್ರ ಸೂರ್ಯನಿಗಿಂತ ಎಷ್ಟೋ ಪಟ್ಟು ದೊಡ್ಡದಾಗಬೇಕಾಗುತ್ತದೆ. ಹೈಗೆನ್ಸ್ ಇದಕ್ಕೆ ಮಾಡಿದ ಉಪಾಯ ಬಹಳ ಸರಳ. ದೂರದರ್ಶಕದ ಕಣ್ಣಿನ ಕಡೆಯ ಗಾಜಿಗೆ ಹೊಗೆ ಹಿಡಿದು ತೆಳ್ಳಗೆ ಮಸಿ ಕೂರಿಸಿದ. ನಾವು ಚಿಕ್ಕವರಿದ್ದಾಗ ಗ್ರಹಣ ನೋಡಲು ಸೀಮೆಎಣ್ಣೆ ದೀಪದ ಮೇಲೆ ಗಾಜು ಹಿಡಿದು ಮಸಿ ಮಾಡುತ್ತಿದ್ದೆವಲ್ಲ, ಹಾಗೆ. (ಗ್ರಹಣಕ್ಕೆ ಅದು ಸಾಲದು, ಕಣ್ಣಿಗೆ ಅಪಾಯ. ಈಗ ಯಾರೂ ಹಾಗೆ ಮಾಡಬೇಡಿ.) ಮಸಿಯಿಂದ ಆ ಸುತ್ತಲಿನ ಪ್ರಭೆ ಅಡಗಿತು. ಉಳಿದದ್ದು ಬರೀ ಚುಕ್ಕಿ. ಅದಕ್ಕೆ ಅಳೆಯುವಷ್ಟು ಅಗಲವೇ ಇರಲಿಲ್ಲ. ಟೈಕೋ ಅಳೆದಿದ್ದು ನಕ್ಷತ್ರವನ್ನಲ್ಲ, ಕಣ್ಣಿನಲ್ಲಿ ಹರಡಿಕೊಂಡ ಬೆಳಕನ್ನು.

ಅಗಲ ಇಲ್ಲ ಅಂದಮೇಲೆ ಗಾತ್ರ ಹೋಲಿಸಿ ದೂರ ಹೇಳುವ ದಾರಿ ಮುಚ್ಚಿತು. ಇನ್ನು ಉಳಿದದ್ದು ಹೊಳಪು.

ಹೊಳಪಿಗೂ ದೂರಕ್ಕೂ ಇರುವ ನಂಟನ್ನು ಕರೆಂಟು ಹೋದಾಗ ಮನೆಯಲ್ಲೇ ನೋಡಬಹುದು. ಒಂದು ಮೇಣದ ಬತ್ತಿ, ಅದರಿಂದ ಒಂದು ಅಡಿ ದೂರದಲ್ಲಿ ಪುಸ್ತಕ. ಈಗ ಪುಸ್ತಕವನ್ನು ಎರಡು ಅಡಿ ದೂರಕ್ಕೆ ಒಯ್ಯಿರಿ. ಬೆಳಕು ಅರ್ಧವಾಗಲಿಲ್ಲ, ಕಾಲು ಭಾಗವಾಯಿತು. ಯಾಕೆಂದರೆ ಒಂದು ಅಡಿಯಲ್ಲಿ ಒಂದು ಹಾಳೆಯ ಮೇಲೆ ಬೀಳುತ್ತಿದ್ದ ಬೆಳಕು ಎರಡು ಅಡಿಗೆ ಬರುವಷ್ಟರಲ್ಲಿ ಉದ್ದಕ್ಕೂ ಎರಡರಷ್ಟು, ಅಗಲಕ್ಕೂ ಎರಡರಷ್ಟು ಹರಡಿರುತ್ತದೆ. ನಾಲ್ಕು ಹಾಳೆಗಳಿಗೆ ಹಂಚಿಹೋಗಿರುತ್ತದೆ. ಮೂರು ಅಡಿಗೆ ಒಂಬತ್ತನೇ ಒಂದು ಭಾಗ. ಹತ್ತು ಅಡಿಗೆ ನೂರನೇ ಒಂದು ಭಾಗ. ಈಗ ಇದನ್ನು ತಿರುಗಿಸಿ ಓದಿ: ಒಂದೇ ಥರದ ಎರಡು ದೀಪಗಳಲ್ಲಿ ಒಂದು ಇನ್ನೊಂದರ ನೂರನೇ ಒಂದು ಪಾಲು ಮಾತ್ರ ಹೊಳೆಯುತ್ತಿದ್ದರೆ, ಅದು ಹತ್ತು ಪಟ್ಟು ದೂರದಲ್ಲಿದೆ. ಬೆಳಕೇ ಟೇಪು ಅಂದರೆ ಇದು.

ಹಾಗಾದರೆ ಸೂರ್ಯ ಲುಬ್ಧಕನಿಗಿಂತ ಎಷ್ಟು ಪಟ್ಟು ಹೊಳೆಯುತ್ತಾನೆ ಅಂತ ತಿಳಿದರೆ ಸಾಕು, ಕೆಲಸ ಮುಗಿಯಿತು ಅಲ್ವಾ? ಅಲ್ಲೇ ಇರುವುದು ತೊಡಕು. ಒಬ್ಬ ಹಗಲಿನವನು, ಇನ್ನೊಬ್ಬ ರಾತ್ರಿಯವನು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಲು ಆಗುವುದಿಲ್ಲ. ಸೂರ್ಯನನ್ನಂತೂ ನೇರ ನೋಡಲೇ ಆಗದು. ಹೊಳಪು ಅಳೆಯುವ ಯಂತ್ರ ಆಗ ಯಾವುದೂ ಇರಲಿಲ್ಲ.

ಹೈಗೆನ್ಸ್ ಪ್ರಶ್ನೆಯನ್ನೇ ಬದಲಾಯಿಸಿದ. ಸೂರ್ಯ ಎಷ್ಟು ಪಟ್ಟು ಹೊಳೆಯುತ್ತಾನೆ ಎಂದು ಕೇಳುವುದು ಬೇಡ. ಸೂರ್ಯನಲ್ಲಿ ಎಷ್ಟು ಸಣ್ಣ ತುಣುಕು ಉಳಿಸಿಕೊಂಡರೆ ಅದು ಲುಬ್ಧಕನಷ್ಟೇ ಹೊಳೆಯುತ್ತದೆ ಎಂದು ಕೇಳೋಣ.

ಇದು ಯಾಕೆ ಸರಿ ಅಂತ ಒಂದು ಕ್ಷಣ ಯೋಚಿಸಬೇಕು. ಬಿಸಿಲಿಗೆ ಬಿದ್ದ ಸುಣ್ಣದ ಗೋಡೆಯನ್ನು ಹತ್ತು ಮಾರು ದೂರದಿಂದ ನೋಡಿ, ಆಮೇಲೆ ಅರ್ಧ ಮೈಲಿ ಆಚೆಯ ದಿಣ್ಣೆಯ ಮೇಲಿಂದ ನೋಡಿ. ದೂರ ಹೋದರೆ ಗೋಡೆಯ ಬಿಳುಪು ಕಡಿಮೆಯಾಗುವುದಿಲ್ಲ. ಕಾಣುವ ಗಾತ್ರ ಮಾತ್ರ ಕುಗ್ಗುತ್ತದೆ. ಸೂರ್ಯನೂ ಹಾಗೇ. ಅವನನ್ನು ನೂರು ಪಟ್ಟು ದೂರ ತಳ್ಳಿದರೆ ಅವನ ಮೈಯ ಬೆಳಕು ಮಂಕಾಗುವುದಿಲ್ಲ, ಅವನ ಬಿಲ್ಲೆ ನೂರು ಪಟ್ಟು ಕಿರಿದಾಗುತ್ತದೆ ಅಷ್ಟೇ. ಸೂರ್ಯನನ್ನು ತಳ್ಳುವುದಕ್ಕಂತೂ ಆಗದು. ಆದರೆ ಅವನ ಬಿಲ್ಲೆಯನ್ನೆಲ್ಲ ಮುಚ್ಚಿ, ಅಗಲದಲ್ಲಿ ನೂರನೇ ಒಂದು ಭಾಗವನ್ನು ಮಾತ್ರ ಬಿಟ್ಟರೆ? ಕಣ್ಣಿಗೆ ಬರುವ ಬೆಳಕು ನೂರು ಪಟ್ಟು ದೂರದ ಸೂರ್ಯನಿಂದ ಬರುವಷ್ಟೇ ಇರುತ್ತದೆ. ಮೊದಲ ಸಲ ಇದು ಅರ್ಥವಾದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ಸೂರ್ಯ ಇದ್ದಲ್ಲೇ ಇದ್ದಾನೆ, ಆದರೂ ಅವನನ್ನು ನಕ್ಷತ್ರಗಳ ನಡುವೆ ಇಟ್ಟು ನೋಡಿದಂತಾಯಿತು!

ಕೊಳವೆಯ ಕೆಲಸ ಇದೇ. ಹನ್ನೆರಡು ಅಡಿ ಉದ್ದದ ಖಾಲಿ ಕೊಳವೆ. ಒಂದು ತುದಿಗೆ ಬಹಳ ತೆಳ್ಳನೆಯ ತಗಡು. ತಗಡಿನ ನಡುವೆ ಒಂದು ತೂತು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಆ ತೂತಿನ ಅಗಲ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಚಿರೋಟಿ ರವೆಯ ಒಂದು ಕಾಳೂ ದಾಟಲಿಕ್ಕಿಲ್ಲ. ತಗಡಿನ ತುದಿಯನ್ನು ಸೂರ್ಯನ ಕಡೆ ಮಾಡಿ, ಇನ್ನೊಂದು ತುದಿಗೆ ಕಣ್ಣಿಟ್ಟ. ತಗಡು ಇಲ್ಲದಿದ್ದರೆ ಆ ದೂರದಲ್ಲಿ ಸೂರ್ಯ ಸುಮಾರು 35 ಮಿಲಿಮೀಟರಿನಷ್ಟು ಜಾಗ ತುಂಬಿಕೊಳ್ಳುತ್ತಿದ್ದ. ತೂತಿನಲ್ಲಿ ಕಂಡಿದ್ದು ಆ ಅಗಲದ 182ನೇ ಒಂದು ಭಾಗ.

ಆದರೂ ಅದು ಲುಬ್ಧಕನಿಗಿಂತ ಎಷ್ಟೋ ಜಾಸ್ತಿ ಹೊಳೆಯುತ್ತಿತ್ತು! ಇನ್ನೂ ಸಣ್ಣ ತೂತು ಕೊರೆಯುವುದು ಅವನ ಕೈಗೆ ಸಾಧ್ಯವಿರಲಿಲ್ಲ. ಆಗ ಅವನ ನೆರವಿಗೆ ಬಂದಿದ್ದು ಗಾಜಿನ ಮಣಿ.

ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ನೀರಿನ ಹನಿ ಉರುಳಾಡುವುದನ್ನು ನೋಡಿದ್ದೀರಲ್ಲ. ಮೋಡ ಸರಿದು ಬಿಸಿಲು ಬಂದರೆ ಆ ಹನಿಯೊಳಗೆ ಒಂದು ಪುಟ್ಟ ಕಿಡಿ ಹೊಳೆಯುತ್ತದೆ. ಅದು ಸೂರ್ಯನೇ. ಇಡೀ ಸೂರ್ಯ, ಹನಿಯೊಳಗೆ ಹಿಡಿಯುವಷ್ಟು ಕುಗ್ಗಿದ್ದಾನೆ. ಹನಿ ಸಣ್ಣದಾದಷ್ಟೂ ಅದರೊಳಗಿನ ಸೂರ್ಯನೂ ಸಣ್ಣದು. ಆ ಕಾಲದಲ್ಲಿ ಸೂಕ್ಷ್ಮದರ್ಶಕಕ್ಕೆ ಇಂಥ ಪುಟಾಣಿ ಗಾಜಿನ ಮಣಿಗಳನ್ನು ಬಳಸುತ್ತಿದ್ದರು. ಹೈಗೆನ್ಸ್ ಬಳಿಯೂ ಇದ್ದವು. ತಗಡಿನ ತೂತಿನಷ್ಟೇ ಅಗಲದ ಒಂದು ಮಣಿಯನ್ನು ತೂತಿಗೆ ಕೂರಿಸಿದ. ಈಗ ಸೂರ್ಯನ ತುಣುಕು ಇನ್ನೂ 152 ಪಟ್ಟು ಕಿರಿದಾಯಿತು. ಹೊರಗಿನ ಬೆಳಕು ಬಾರದಂತೆ ತಲೆಯ ಸುತ್ತ ಮುಚ್ಚಿಕೊಂಡು ನೋಡಿದ. ಕೊಳವೆಯ ತುದಿಯಲ್ಲಿ, ಕತ್ತಲೆಯ ನಡುವೆ, ಒಂದೇ ಒಂದು ಚುಕ್ಕಿ. ರಾತ್ರಿ ನೋಡಿದ ಲುಬ್ಧಕನಿಗಿಂತ ಅದು ಕಡಿಮೆ ಹೊಳೆಯುವಂತೆ ಅವನಿಗೆ ಕಾಣಲಿಲ್ಲ. ಅಲ್ಲಿಗೆ ನಿಲ್ಲಿಸಿದ.

(ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ತೂತು ಸ್ವಲ್ಪ ದೊಡ್ಡದಾದರೂ, ಮಣಿ ಸರಿದರೂ ಕಣ್ಣು ಹಾಳಾಗುತ್ತದೆ. ಕೆಸುವಿನ ಎಲೆಯ ಹನಿಯೇ ಸಾಕು.)

ಮುಂದಿನದು ಗುಣಾಕಾರ. 182ನ್ನು 152ರಿಂದ ಗುಣಿಸಿದರೆ 27,664. ಸೂರ್ಯನ ಅಗಲವನ್ನು 27,664 ಪಟ್ಟು ಕುಗ್ಗಿಸಿದಾಗ ಅವನು ಲುಬ್ಧಕನಂತಾದ. ಲುಬ್ಧಕನೂ ಸೂರ್ಯನಂಥದ್ದೇ ದೀಪವಾದರೆ, ಅದು ಸೂರ್ಯನಿಗಿಂತ 27,664 ಪಟ್ಟು ದೂರದಲ್ಲಿದೆ.

ಈ ಅಂಕಿ ಓದುಗರಿಗೆ ತಟ್ಟಬೇಕಲ್ಲ. ಅದಕ್ಕೆ ಹೈಗೆನ್ಸ್ ಫಿರಂಗಿ ಗುಂಡನ್ನು ತಂದ. ಭೂಮಿಯ ಮೇಲೆ ಅದಕ್ಕಿಂತ ವೇಗದ ವಸ್ತು ಆ ಕಾಲದವರಿಗೆ ಗೊತ್ತಿರಲಿಲ್ಲ. ನಾಡಿ ಒಂದು ಸಲ ಮಿಡಿಯುವಷ್ಟರಲ್ಲಿ ಗುಂಡು ಸುಮಾರು ಆರುನೂರು ಅಡಿ ಹೋಗುತ್ತದೆ ಎಂದು ಇಟ್ಟುಕೊಂಡ. ಅದು ಎಲ್ಲೂ ನಿಲ್ಲದೆ ಹೋದರೆ ಭೂಮಿಯಿಂದ ಸೂರ್ಯನಿಗೆ 25 ವರ್ಷ. ಅಲ್ಲೇ ಒಂದು ತಲೆಮಾರು ಕಳೆಯಿತು. ಲುಬ್ಧಕನಿಗೆ? ಹೆಚ್ಚುಕಡಿಮೆ 7 ಲಕ್ಷ ವರ್ಷ. ಆಕಾಶ ಇಷ್ಟು ದೊಡ್ಡದಾಗಿರಬಹುದು ಎಂದು ಎಣಿಸಿಯೇ ಇರದ ಓದುಗನಿಗೆ ಈ ಮಾತು ಹೇಗೆ ಕೇಳಿಸಿರಬೇಡ!

ನಿಜವಾದ ಅಂಕಿ ಇನ್ನೂ ದೊಡ್ಡದು. ಲುಬ್ಧಕ ಇರುವುದು ಸೂರ್ಯನಿಗಿಂತ ಸುಮಾರು 5 ಲಕ್ಷ 44 ಸಾವಿರ ಪಟ್ಟು ದೂರದಲ್ಲಿ. ಹೈಗೆನ್ಸ್‌ನ ಉತ್ತರಕ್ಕೂ ಇದಕ್ಕೂ ಇಪ್ಪತ್ತು ಪಟ್ಟಿನ ಅಂತರ. ಈ ಇಪ್ಪತ್ತನ್ನು ಬಿಡಿಸಿ ನೋಡಿದರೆ ಎರಡು ತಪ್ಪು ಸಿಗುತ್ತವೆ. ಒಂದು ನಾಲ್ಕು ಪಟ್ಟಿನದು. ಇನ್ನೊಂದು ಐದು ಪಟ್ಟಿನದು. ನಾಲ್ಕೈದಲೇ ಇಪ್ಪತ್ತು.

ನಾಲ್ಕು ಪಟ್ಟಿನದು ಕಣ್ಣಿನ ತಪ್ಪು. ಅಗಲದಲ್ಲಿ 27,664ನೇ ಒಂದು ಭಾಗ ಅಂದರೆ ಬೆಳಕಿನಲ್ಲಿ ಅದರ ವರ್ಗ, ಅಂದರೆ ಸುಮಾರು 76 ಕೋಟಿ 50 ಲಕ್ಷದಲ್ಲಿ ಒಂದು ಪಾಲು. ಇಂದಿನ ಉಪಕರಣಗಳಲ್ಲಿ ಅಳೆದರೆ ಭೂಮಿಗೆ ಬರುವ ಲುಬ್ಧಕನ ಬೆಳಕು ಸೂರ್ಯನ ಬೆಳಕಿನ ಸುಮಾರು 1,300 ಕೋಟಿಯಲ್ಲಿ ಒಂದು ಪಾಲು. ಅಂದರೆ ಲೆಕ್ಕದ ಪ್ರಕಾರ ಕೊಳವೆಯ ಚುಕ್ಕಿ ಲುಬ್ಧಕನಿಗಿಂತ ಸುಮಾರು 17 ಪಟ್ಟು ಜಾಸ್ತಿ ಹೊಳೆಯುತ್ತಿತ್ತು. 17ರ ವರ್ಗಮೂಲ ನಾಲ್ಕು ಚಿಲ್ಲರೆ. ದೂರ ತಪ್ಪಿದ್ದು ಅಷ್ಟು ಪಟ್ಟು.

ಅಷ್ಟು ಜಾಣನಿಗೆ 17 ಪಟ್ಟು ವ್ಯತ್ಯಾಸ ತಿಳಿಯಲಿಲ್ಲವೇ ಅನ್ನಬೇಡಿ. ಮಣಿಯ ಗಾಜಿನ ಕುಂದುಕೊರತೆ ಒಂದಿಷ್ಟಿದೆ. ಅದಕ್ಕಿಂತ ಹೆಚ್ಚಾಗಿ, ಹೋಲಿಕೆ ನಡೆದಿದ್ದು ನೆನಪಿನ ಜೊತೆಗೆ. ಚುಕ್ಕಿಯನ್ನು ನೋಡಿದ್ದು ಹಗಲು, ಲುಬ್ಧಕನನ್ನು ನೋಡಿದ್ದು ರಾತ್ರಿ. ಮಟಮಟ ಮಧ್ಯಾಹ್ನ ಬಿಸಿಲಿನಿಂದ ದೇವಸ್ಥಾನದ ಒಳಗೆ ಕಾಲಿಟ್ಟಾಗ ಗರ್ಭಗುಡಿಯ ನಂದಾದೀಪ ಮಂಕಾಗಿ ಕಾಣುತ್ತದೆ. ಒಂದಿಷ್ಟು ಹೊತ್ತು ಕೂತರೆ ಅದೇ ದೀಪ ಜೋರಾಗಿ ಕಾಣುತ್ತದೆ, ದೇವರ ಮೈಮೇಲಿನ ಒಡವೆಯೂ ಕಾಣುತ್ತದೆ. ದೀಪ ಬದಲಾಗಿಲ್ಲ, ಕಣ್ಣು ಕತ್ತಲೆಗೆ ಒಗ್ಗಿದೆ. ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಹಗಲಿನ ಕಣ್ಣಿಗೆ ರಾತ್ರಿಯ ಲುಬ್ಧಕನಷ್ಟು ಅನ್ನಿಸಬೇಕಾದರೆ ಚುಕ್ಕಿ ನಿಜಕ್ಕೂ ಜಾಸ್ತಿ ಹೊಳೆಯುತ್ತಿರಬೇಕು. ತಲೆ ಮುಚ್ಚಿಕೊಂಡಿದ್ದರಿಂದ ಸ್ವಲ್ಪ ಅನುಕೂಲವಾಗಿರಬಹುದು, ಆದರೆ ಸಾಲಲಿಲ್ಲ.

ಈ ಹಗಲು-ರಾತ್ರಿಯ ತೊಡಕನ್ನು ಬಿಡಿಸುವ ಜಾಣತನ ಅದಾಗಲೇ ಒಬ್ಬನಿಗೆ ಹೊಳೆದಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1668ರಲ್ಲೇ ಹೇಳಿದ್ದ: ಸೂರ್ಯನನ್ನು ರಾತ್ರಿ ನೋಡಬೇಕಾದರೆ ಗ್ರಹವನ್ನು ನೋಡಿ. ಗ್ರಹದ ಹೊಳಪು ಸೂರ್ಯನ ಬೆಳಕೇ, ಕನ್ನಡಿಯಲ್ಲಿ ಕಂಡಂತೆ. ಗ್ರಹವೂ ಲುಬ್ಧಕನೂ ಒಂದೇ ಆಕಾಶದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಕಣ್ಣಿಗೆ ಸಿಗುತ್ತವೆ. ಗ್ರಹದ ಗಾತ್ರ, ದೂರ ಗೊತ್ತಿದ್ದರೆ ಸೂರ್ಯನ ಬೆಳಕಿನ ಎಷ್ಟು ಪಾಲು ಅದರಿಂದ ನಮಗೆ ಬರುತ್ತದೆ ಎಂದು ಲೆಕ್ಕ ಹಾಕಬಹುದು. ಹೀಗೆ ಗ್ರೆಗರಿಗೆ ಸಿಕ್ಕಿದ್ದು ಸುಮಾರು 83 ಸಾವಿರ ಪಟ್ಟು. ಮುಂದೆ ನ್ಯೂಟನ್ ಕೂಡ ಶನಿ ಗ್ರಹವನ್ನು ಇಟ್ಟುಕೊಂಡು ಇದೇ ದಾರಿ ಹಿಡಿದ. ನನ್ನನ್ನು ಕೇಳಿದರೆ ವಿಧಾನವಾಗಿ ಗ್ರೆಗರಿಯದೇ ಉತ್ತಮ. ಆದರೆ ಸೂರ್ಯನೂ ನಕ್ಷತ್ರವೂ ಒಂದೇ ಅನ್ನುವುದನ್ನು ಕಣ್ಣಾರೆ ಕಾಣಿಸುವ ಶಕ್ತಿ ಹೈಗೆನ್ಸ್‌ನ ಕೊಳವೆಗೆ ಇರುವಷ್ಟು ಯಾವ ಲೆಕ್ಕಕ್ಕೂ ಇಲ್ಲ.

ಇನ್ನು ಐದು ಪಟ್ಟಿನ ತಪ್ಪು. ಇದು ಕಣ್ಣಿನದಲ್ಲ, ಬುಡದಲ್ಲಿದ್ದ ಆ ನಂಬಿಕೆಯದು.

ರಾತ್ರಿ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಬಯಲುಸೀಮೆಯ ನೇರ ರಸ್ತೆಯಲ್ಲಿ ಹೋಗಿದ್ದರೆ ಇದು ನಿಮಗೆ ಗೊತ್ತಿರುತ್ತದೆ. ಎದುರಿಗೆ ದೂರದಲ್ಲಿ ಒಂದು ಬೆಳಕು. ಹತ್ತಿರ ಬರುತ್ತಿರುವ ಮೊಪೆಡ್ಡೋ, ಬಹಳ ದೂರದಲ್ಲಿರುವ ಲಾರಿಯೋ? ಹೊಳಪು ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ದೀಪ ಯಾವುದು ಅಂತ ಗೊತ್ತಿದ್ದರೆ ಮಾತ್ರ ದೂರ ಗೊತ್ತಾಗುತ್ತದೆ. ಹೈಗೆನ್ಸ್ ಲುಬ್ಧಕನನ್ನು ಸೂರ್ಯನಷ್ಟೇ ದೊಡ್ಡ ದೀಪ ಎಂದುಕೊಂಡ. ಬೇರೆ ದಾರಿಯೂ ಅವನಿಗಿರಲಿಲ್ಲ, ಹತ್ತಿರದಿಂದ ಗೊತ್ತಿದ್ದ ದೀಪ ಅದೊಂದೇ. ನಿಜದಲ್ಲಿ ಲುಬ್ಧಕ ಲಾರಿಯ ದೀಪ. ಅದು ಸೂರ್ಯನಿಗಿಂತ ಸುಮಾರು 25 ಪಟ್ಟು ಬೆಳಕು ಸೂಸುತ್ತದೆ. ತೂಕ ಸೂರ್ಯನ ಎರಡರಷ್ಟು, ಮೈಯ ಬಿಸಿಯೂ ತುಂಬಾ ಜಾಸ್ತಿ. 25 ಪಟ್ಟು ದೊಡ್ಡ ದೀಪ ಅಷ್ಟೇ ಹೊಳಪಿನಲ್ಲಿ ಕಾಣಬೇಕಾದರೆ ಅದು ಐದು ಪಟ್ಟು ದೂರ ಇರಲೇಬೇಕು. ಹೈಗೆನ್ಸ್‌ನ ಕಣ್ಣು ಒಂದಿಷ್ಟೂ ತಪ್ಪದಿದ್ದರೂ ಉತ್ತರ ಸುಮಾರು 1 ಲಕ್ಷ 13 ಸಾವಿರದ ಹತ್ತಿರ ನಿಲ್ಲುತ್ತಿತ್ತು. ಅದರಿಂದ ಮುಂದೆ ಹೋಗಲು ಕೊಳವೆ ಸಾಲದು, ಲುಬ್ಧಕ ಎಂಥ ದೀಪ ಎಂದು ಬೇರೆ ಕಡೆಯಿಂದ ತಿಳಿಯಬೇಕಿತ್ತು.

ನಕ್ಷತ್ರದಿಂದ ನಮ್ಮ ಕಣ್ಣಿಗೆ ಬರುವ ಈ ಬೆಳಕಾದರೂ ಏನು? ಅದನ್ನೂ ಹೈಗೆನ್ಸ್ ಬಿಡಲಿಲ್ಲ. 1690ರಲ್ಲಿ ಬೆಳಕಿನ ಬಗ್ಗೆಯೇ ಒಂದು ಪುಸ್ತಕ ಹೊರತಂದ. ಬೆಳಕು ಅಂದರೆ ಎಸೆದ ಕಲ್ಲಿನಂತೆ ಹಾರಿ ಬರುವ ಕಣವಲ್ಲ, ಸದ್ದಿನಂತೆ ಹಬ್ಬುವ ಅಲೆ ಎಂದ. ಅದಕ್ಕೆ ಅವನು ಕೊಟ್ಟ ಕಾರಣ ನನಗೆ ತುಂಬಾ ಹಿಡಿಸಿದ್ದು. ಎದುರುಬದುರು ನಿಂತ ಇಬ್ಬರು ಒಬ್ಬರ ಕಣ್ಣನ್ನೊಬ್ಬರು ಒಂದೇ ಹೊತ್ತಿಗೆ ನೋಡಬಹುದು. ನನ್ನಿಂದ ನಿಮಗೆ ಬರುವ ಬೆಳಕು, ನಿಮ್ಮಿಂದ ನನಗೆ ಬರುವ ಬೆಳಕು ಒಂದೇ ದಾರಿಯಲ್ಲಿ ಎದುರಾಗುತ್ತವೆ. ಡಿಕ್ಕಿ ಹೊಡೆಯುವುದಿಲ್ಲ. ಕಲ್ಯಾಣಿಯ ಎರಡು ಮೂಲೆಯಿಂದ ಎರಡು ಕಲ್ಲು ಎಸೆದರೆ ಎರಡರ ಉಂಗುರಗಳೂ ಒಂದರೊಳಗೊಂದು ಹಾದು, ಏನೂ ಆಗದವರಂತೆ ಮುಂದೆ ಹೋಗುತ್ತವಲ್ಲ, ಹಾಗೆ. ಅಲೆಯ ಅಂಚಿನ ಒಂದೊಂದು ಬಿಂದುವೂ ಹೊಸ ಪುಟ್ಟ ಅಲೆಯನ್ನು ಎಬ್ಬಿಸುತ್ತದೆ, ಅವೆಲ್ಲ ಸೇರಿ ಮುಂದಿನ ಅಂಚಾಗುತ್ತದೆ. ಪಿಯುಸಿಯಲ್ಲಿ ಬರೆದ ಚಿತ್ರ ಇದೇ.

ಅಲೆ ಅಂದಮೇಲೆ ಅದಕ್ಕೆ ಹಬ್ಬಲು ಸಮಯ ಬೇಕು. ಅದಕ್ಕೂ ಅವನ ಬಳಿ ಆಧಾರ ಇತ್ತು. ಡೆನ್ಮಾರ್ಕಿನ ಓಲೆ ರೋಮರ್ 1676ರಲ್ಲಿ ಗುರುವಿನ ಚಂದ್ರ ಅಯೋದ ಗ್ರಹಣಗಳು ಹೊತ್ತು ತಪ್ಪುತ್ತಿರುವುದನ್ನು ಗಮನಿಸಿದ್ದ. ಭೂಮಿ ಗುರುವಿನಿಂದ ದೂರವಿದ್ದಾಗ ಗ್ರಹಣ ತಡವಾಗಿ ಕಾಣುತ್ತಿತ್ತು, ಹತ್ತಿರವಿದ್ದಾಗ ಬೇಗ. ಬೆಳಕು ಆ ಹೆಚ್ಚಿನ ದೂರ ದಾಟಲು ತಗೊಳ್ಳುವ ಸಮಯವೇ ಈ ತಡ. ಭೂಮಿಯ ಕಕ್ಷೆಯನ್ನು ಅಡ್ಡ ದಾಟಲು 22 ನಿಮಿಷ ಎಂದು ರೋಮರ್ ಹೇಳಿದ. ನಿಜದಲ್ಲಿ 16 ನಿಮಿಷ 40 ಸೆಕೆಂಡಿನಷ್ಟು. ಹೈಗೆನ್ಸ್ ಅದನ್ನು ಕಕ್ಷೆಯ ಅಗಲದ ಜೊತೆ ಸೇರಿಸಿ ಬೆಳಕಿನ ವೇಗ ಸದ್ದಿನ ವೇಗಕ್ಕಿಂತ 6 ಲಕ್ಷ ಪಟ್ಟಿಗೂ ಮೇಲು ಎಂದು ತೋರಿಸಿದ. ಇಂದಿನ ಅಳತೆಯಲ್ಲಿ ಸೆಕೆಂಡಿಗೆ 2 ಲಕ್ಷ ಕಿಲೋಮೀಟರಿಗೂ ಹೆಚ್ಚು. ನಿಜವಾದದ್ದು ಸುಮಾರು 3 ಲಕ್ಷ.

ಅವನ ಕಾಲದ ಈ ಎರಡು ಅಂಕಿಗಳನ್ನು ಸೇರಿಸಿ ನಾವೇ ಒಂದು ಗುಣಾಕಾರ ಮಾಡಬಹುದು. ಸೂರ್ಯನಿಂದ ಬೆಳಕು ಬರಲು 11 ನಿಮಿಷ, ಲುಬ್ಧಕ 27,664 ಪಟ್ಟು ದೂರ. ಸುಮಾರು 211 ದಿನ ಬರುತ್ತದೆ. ಫಿರಂಗಿ ಗುಂಡಿಗೆ 7 ಲಕ್ಷ ವರ್ಷದ ದಾರಿ ಬೆಳಕಿಗೆ ಏಳು ತಿಂಗಳು! ಈಗ ನಮಗೆ ಗೊತ್ತು, ಏಳು ತಿಂಗಳಲ್ಲ, ಎಂಟೂವರೆ ವರ್ಷ. ಇವತ್ತು ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ಲುಬ್ಧಕನ ಬೆಳಕು ಹೊರಟಾಗ ಈಗ ಮೂರನೇ ಕ್ಲಾಸಿನಲ್ಲಿರುವ ಮಗು ಇನ್ನೂ ಹುಟ್ಟಿ ಕೆಲವು ತಿಂಗಳಾಗಿತ್ತೇನೋ.

ದೂರ ಸಿಕ್ಕ ಮೇಲೆ ಹೈಗೆನ್ಸ್‌ನ ಯೋಚನೆ ಇನ್ನೊಂದು ಕಡೆ ಹೊರಳುತ್ತದೆ. ನಕ್ಷತ್ರಗಳು ಸೂರ್ಯರಾದರೆ ಅವಕ್ಕೂ ಗ್ರಹಗಳು ಇರಬೇಕಲ್ಲ? ಇದ್ದರೆ ಯಾಕೆ ಕಾಣುವುದಿಲ್ಲ? ಅಷ್ಟು ದೂರದಲ್ಲಿ ಗ್ರಹದ ಮಂದ ಬೆಳಕು ನಕ್ಷತ್ರದ ಬೆಳಕಿನೊಳಗೆ ಮುಚ್ಚಿಹೋಗುತ್ತದೆ ಎಂದು ಅವನ ಉತ್ತರ. ಆ ಗ್ರಹಗಳಲ್ಲಿ ಗಿಡಮರ, ಪ್ರಾಣಿ, ಬುದ್ಧಿ ಇರುವ ಜೀವಿಗಳೂ ಇರಬಹುದೆಂದು ಅವನು ಧಾರಾಳವಾಗಿ ಊಹಿಸುತ್ತಾನೆ. ಆ ಊಹೆಗಳಲ್ಲಿ ಎಷ್ಟೋ ನಿಲ್ಲುವಂಥವಲ್ಲ. ಆದರೆ ಗ್ರಹ ಕಾಣದಿರಲು ಅವನು ಕೊಟ್ಟ ಕಾರಣ ಇಂದಿಗೂ ನಿಂತಿದೆ. ಬೇರೆ ಸೂರ್ಯನಂಥ ನಕ್ಷತ್ರದ ಸುತ್ತ ಗ್ರಹ ಇದೆ ಎಂದು ಗೊತ್ತಾಗಲು 1995 ಬರಬೇಕಾಯಿತು. ಆಗಲೂ ಗ್ರಹವನ್ನು ನೇರ ಕಂಡಿದ್ದಲ್ಲ, ಅದರ ಎಳೆತಕ್ಕೆ ನಕ್ಷತ್ರ ಅಲುಗುವುದನ್ನು ಹಿಡಿದದ್ದು.

ನಕ್ಷತ್ರಗಳ ದೂರವನ್ನು ಯಾವ ಊಹೆಯೂ ಇಲ್ಲದೆ ಅಳೆದಿದ್ದು 1838ರಲ್ಲಿ, ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜರುಗಿದಂತೆ ಕಾಣುತ್ತದೆ. ಭೂಮಿ ಸೂರ್ಯನ ಈ ಬದಿಯಲ್ಲಿದ್ದಾಗ ಒಂದು ಸಲ, ಆರು ತಿಂಗಳ ನಂತರ ಆ ಬದಿಯಲ್ಲಿದ್ದಾಗ ಇನ್ನೊಂದು ಸಲ ನೋಡಿದರೆ ಹತ್ತಿರದ ನಕ್ಷತ್ರವೂ ಹಾಗೇ ಜರುಗುತ್ತದೆ. ಲುಬ್ಧಕ ವರ್ಷದಲ್ಲಿ ಜರುಗುವುದು ಎಷ್ಟು ಗೊತ್ತೇ? ಆರು ಕಿಲೋಮೀಟರ್ ದೂರದಲ್ಲಿಟ್ಟ ಒಂದು ರೂಪಾಯಿ ನಾಣ್ಯದ ಅಗಲದಷ್ಟು. ಹೈಗೆನ್ಸ್‌ನ ಕಾಲದ ಉಪಕರಣಗಳಿಗೆ ಇದನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹೀಗೆ ದೂರ ಗೊತ್ತಾದ ಮೇಲೆ ಲೆಕ್ಕವನ್ನು ತಿರುಗಿಸಿ, ಅಷ್ಟು ದೂರದಿಂದ ಇಷ್ಟು ಹೊಳೆಯಬೇಕಾದರೆ ಲುಬ್ಧಕ 25 ಸೂರ್ಯರ ದೀಪ ಎಂದು ತಿಳಿಯಿತು.

ಆದರೆ ಈ ಜರುಗುವಿಕೆ ತೀರಾ ದೂರದ ನಕ್ಷತ್ರಗಳಿಗೆ ಒದಗುವುದಿಲ್ಲ. ಬೇರೆ ಗ್ಯಾಲಕ್ಸಿಗಳ ಮಾತಂತೂ ದೂರ ಉಳಿಯಿತು. ಅಲ್ಲಿ ಮತ್ತೆ ಹೈಗೆನ್ಸ್‌ನ ದಾರಿಯೇ ಗತಿ: ದೀಪ ಎಂಥದ್ದೆಂದು ತಿಳಿ, ಹೊಳಪು ಅಳೆ, ದೂರ ಹೇಳು. ಬಲ್ಬಿನ ಮೇಲೆ ವ್ಯಾಟ್ ಬರೆದಿರುವಂತೆ ತನ್ನ ಬೆಳಕು ಎಷ್ಟೆಂದು ತಾನೇ ಹೇಳುವ ನಕ್ಷತ್ರ ಬೇಕು, ಅಷ್ಟೇ. ಅಂಥದ್ದೊಂದು ಬಗೆಯನ್ನು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿಕೊಟ್ಟಳು. ಸೆಫೀಡ್ ಎಂಬ ಈ ನಕ್ಷತ್ರಗಳು ಹೊಳಪು ಏರಿಸಿ ಇಳಿಸುತ್ತಾ ಮಿಡಿಯುತ್ತವೆ. ಮಿಡಿತ ನಿಧಾನವಾದಷ್ಟೂ ದೀಪ ದೊಡ್ಡದು. ದಿನ ಎಣಿಸಿದರೆ ವ್ಯಾಟ್ ಗೊತ್ತಾಯಿತು. ಇನ್ನೂ ಆಚೆಗೆ ಒಂದು ಬಗೆಯ ಸೂಪರ್‌ನೋವಾಗಳಿವೆ. ಸಿಡಿದು ಉರಿಯುವ ನಕ್ಷತ್ರಗಳು. ಅವು ಮಂಕಾಗುತ್ತಾ ಹೋಗುವ ವೇಗವನ್ನು ನೋಡಿ ದೀಪ ಎಷ್ಟು ದೊಡ್ಡದಿತ್ತೆಂದು ಹೇಳುತ್ತಾರೆ.

ಈ ಕೆಲಸ ನಮ್ಮ ಬೆಂಗಳೂರಿನ ಪಕ್ಕದಲ್ಲೂ ನಡೆಯುತ್ತದೆ. ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ಅಗಲದ ಚಂದ್ರಾ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ಹೊಸಕೋಟೆಯಲ್ಲಿರುವ ಸಂಸ್ಥೆಯ ಕೇಂದ್ರದಿಂದ, ಉಪಗ್ರಹದ ಸಂಪರ್ಕದ ಮೂಲಕ. ಎಲ್ಲೋ ಒಂದು ಗ್ಯಾಲಕ್ಸಿಯಲ್ಲಿ ಹೊಸ ಸೂಪರ್‌ನೋವಾ ಕಂಡರೆ ಅದರ ಕಡೆಗೂ ಈ ದೂರದರ್ಶಕವನ್ನು ತಿರುಗಿಸುತ್ತಾರೆ. ರಾತ್ರಿಯಿಂದ ರಾತ್ರಿಗೆ ಅದರ ಹೊಳಪು ಎಷ್ಟು ಇಳಿಯಿತು ಎಂದು ಬರೆದಿಡುತ್ತಾರೆ. ಈಗ ಕಣ್ಣಿನ ನೆನಪಿನ ಕಾಟ ಇಲ್ಲ. ಸೂಪರ್‌ನೋವಾ ಇರುವ ಚಿತ್ರದಲ್ಲೇ ಹೊಳಪು ಮೊದಲೇ ಗೊತ್ತಿರುವ ನಕ್ಷತ್ರಗಳೂ ಇರುತ್ತವೆ, ಅವುಗಳ ಪಕ್ಕದಲ್ಲೇ ಇಟ್ಟು ಅಳೆಯುತ್ತಾರೆ. ಐದು ಪಟ್ಟಿನ ತಪ್ಪಿನ ಪ್ರಶ್ನೆ ಮಾತ್ರ ಇನ್ನೂ ಮೇಜಿನ ಮೇಲೇ ಇದೆ. ಈ ಚುಕ್ಕಿ ಮಂಕಾಗಿರುವುದು ದೂರ ಇರುವುದಕ್ಕೋ, ಅದರ ದೀಪವೇ ಚಿಕ್ಕದಿರುವುದಕ್ಕೋ, ಅಥವಾ ನಡುವೆ ದೂಳು ಅಡ್ಡ ಬಂದಿರುವುದಕ್ಕೋ?